ಪರದೇಶದ ಶಿಕ್ಷಕರಿಂದ ದೇಣಿಗೆ ಸಂಗ್ರಹ: ಕೇಳುವ ಮೊದಲು ತಿಳಿದಿರಬೇಕಾದದ್ದು

ಧರ್ಮಕೇಂದ್ರವೊಂದರ ಪಾಲನಾ ಮಂಡಳಿಯ ಸದಸ್ಯರೊಬ್ಬರು ಕಳೆದ ವರ್ಷ ಎಮಿರೇಟ್ಸ್‌ನ ಶಾಲೆಯೊಂದರಲ್ಲಿ ಕಲಿಸುತ್ತಿರುವ ತಮ್ಮ ವಾಳೆಯ ಶಿಕ್ಷಕಿಗೆ ವಾಟ್ಸಾಪ್ ಸಂದೇಶವೊಂದನ್ನು ಕಳುಹಿಸಿದರು. ವಾಳೆಯ ಯುವಕನೊಬ್ಬನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಧರ್ಮಕೇಂದ್ರದ ನೆರವು ನಿಧಿ ಬರಿದಾಗುತ್ತಾ ಬಂದಿತ್ತು. "ಟೀಚರ್, ನಿಮ್ಮ ಶಾಲೆಯಲ್ಲಿ ಎಷ್ಟೆಲ್ಲ ದೇಶದ ಟೀಚರ್‌ಗಳಿದ್ದಾರಲ್ಲ, ತಲೆಗೆ 50 ದಿರ್ಹಂ ಎಂದರೂ ಸಾಕು. ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿಬಿಡಿ" ಎಂಬುದು ಅವರ ವಿನಂತಿ. ಆ ಶಿಕ್ಷಕಿ ಸಂದೇಶವನ್ನು ಗ್ರೂಪಿಗೆ ಹಾಕದೆ ನಮಗೆ ಕರೆ ಮಾಡಿದರು. "ಫಾದರ್, ಇಲ್ಲಿ ಹಾಗೆಲ್ಲ ಕೇಳುವ ಹಾಗಿಲ್ಲ. ಗೊತ್ತಾದರೆ ನನ್ನ ಕೆಲಸ ಮಾತ್ರ ಹೋಗುವುದಲ್ಲ, ನಾನೇ ಒಳಗೆ ಹೋಗಬೇಕಾದೀತು. ಇಲ್ಲ ಎಂದರೆ ಊರಿನಲ್ಲಿ ಜಂಬ ಎನ್ನುತ್ತಾರೆ" ಎಂದರು.

ಅವರ ಭಯ ನಿರಾಧಾರವಾದುದಲ್ಲ. ಪರದೇಶದಲ್ಲಿ ಶಿಕ್ಷಕರಾಗಿರುವವರು ಧರ್ಮಾರ್ಥ ಕಾರ್ಯಕ್ಕೆ ಹಣ ಕೂಡಿಸುವುದು ಲೋಕದ ಹಲವೆಡೆ ನಡೆಯುತ್ತಲೇ ಇದೆ, ಚೆನ್ನಾಗಿಯೂ ನಡೆಯುತ್ತದೆ. ಆದರೆ ಅದಕ್ಕೆ ಎರಡು ಬಾಗಿಲುಗಳಿವೆ. ಒಂದು ಹಣ ಎತ್ತುವ ದೇಶದ ಕಾನೂನು, ಇನ್ನೊಂದು ಹಣ ತಲುಪುವ ದೇಶದ ಕಾನೂನು. ಊರಿನಲ್ಲಿ ಕುಳಿತು ಕೇಳುವ ನಮಗೆ ಸಾಮಾನ್ಯವಾಗಿ ಎರಡೂ ಕಾಣುವುದಿಲ್ಲ.

ಮೊದಲು, ಚೆನ್ನಾಗಿ ನಡೆದುದನ್ನು ನೋಡೋಣ. ಜಪಾನ್ ಸರಕಾರ 1987ರಲ್ಲಿ 'ಜೆಟ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ ಮುಂತಾದ ದೇಶಗಳ ಪದವೀಧರರು ಇದರಡಿ ಅಲ್ಲಿನ ಸಣ್ಣಪುಟ್ಟ ಊರುಗಳ ಶಾಲೆಗಳಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ ಹೋಗುತ್ತಾರೆ. ಒಪ್ಪಂದ ಒಂದು ವರ್ಷದ್ದು, ಹೆಚ್ಚೆಂದರೆ 5 ವರ್ಷಗಳವರೆಗೆ ಮುಂದುವರಿಸಬಹುದು. ಇಡೀ ಊರಿಗೆ ಒಬ್ಬರೋ ಇಬ್ಬರೋ ವಿದೇಶೀಯರು. ಆದ್ದರಿಂದ ಅವರು ಮಾರುಕಟ್ಟೆಗೆ ಹೋದರೂ ಮಕ್ಕಳು ಗುರುತಿಸಿ ಕೂಗುತ್ತಾರೆ. ದೇಣಿಗೆ ಕೇಳುವವರಿಗೆ ಬೇಕಾದ ಮೊದಲ ಬಂಡವಾಳವಾದ ಪರಿಚಯ ಮತ್ತು ವಿಶ್ವಾಸ ಅವರಿಗೆ ತಾನಾಗಿಯೇ ದೊರೆಯುತ್ತದೆ.

2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ 9.0 ತೀವ್ರತೆಯ ಭೂಕಂಪ ಮತ್ತು ಸುನಾಮಿ ಸಂಭವಿಸಿದಾಗ ಈ ಶಿಕ್ಷಕರಲ್ಲಿ ಇಬ್ಬರು ಮೃತಪಟ್ಟರು. ಅವರಲ್ಲೊಬ್ಬರು ಮಿಯಾಗಿ ಪ್ರಾಂತ್ಯದ ಇಶಿನೋಮಾಕಿ ನಗರದಲ್ಲಿದ್ದ, ಅಮೆರಿಕದ ವರ್ಜೀನಿಯಾ ರಾಜ್ಯದ ಟೇಲರ್ ಆಂಡರ್ಸನ್. ಆಕೆಯ ವಯಸ್ಸು 24. ಆಕೆಯ ಹೆತ್ತವರು ಮಗಳ ಹೆಸರಿನಲ್ಲಿ ಒಂದು ನಿಧಿ ಸ್ಥಾಪಿಸಿದರು. ಬಂದ ಹಣವನ್ನು ಮೊದಲು ಅವರು ಏನು ಮಾಡಿದರೆನ್ನುವುದು ಗಮನಾರ್ಹ. ಆಕೆಗೆ ಓದುವ ಹುಚ್ಚು ಇತ್ತು. ಹಾಗಾಗಿ ಆಕೆ ಕಲಿಸುತ್ತಿದ್ದ ಶಾಲೆಗಳಿಗೆ ಪುಸ್ತಕಗಳನ್ನೂ ಅವುಗಳಿಗೆ ಕಪಾಟುಗಳನ್ನೂ ಕೊಡುವುದೆಂದು ನಿರ್ಧರಿಸಿದರು. ಕಪಾಟುಗಳನ್ನು ಮಾಡಿದವರು ಅದೇ ಸುನಾಮಿಯಲ್ಲಿ ತಮ್ಮ ಮೂವರು ಮಕ್ಕಳನ್ನೂ ಕಳೆದುಕೊಂಡಿದ್ದ ಸ್ಥಳೀಯ ಮರಗೆಲಸದವರು. 2011ರ ಸಪ್ಟೆಂಬರಿನಲ್ಲೇ ಮೊದಲ ಪುಸ್ತಕ ಮೂಲೆ ತೆರೆಯಿತು. ಉದ್ದೇಶ ಚಿಕ್ಕದು, ಸ್ಪಷ್ಟವಾದದ್ದು. ಕೊಟ್ಟವನು ಹೋಗಿ ಕಣ್ಣಾರೆ ನೋಡಬಹುದಾದದ್ದು.

ಆ ವರ್ಷ ಜಪಾನಿನಲ್ಲಿ ಹಣ ಕೂಡಿಸಿದ ಎಲ್ಲರೂ ಒಂದು ವ್ಯತ್ಯಾಸವನ್ನು ಅರಿಯಬೇಕಾಗಿತ್ತು. ಅಲ್ಲಿ ವಿಪತ್ತಿನ ದೇಣಿಗೆಗೆ ಎರಡು ಹೆಸರುಗಳಿವೆ. 'ಗಿಯೆನ್‌ಕಿನ್' ಎಂದರೆ ಸಂತ್ರಸ್ತರ ಕೈಗೇ ಹೋಗುವ ಹಣ. ಜಪಾನ್ ರೆಡ್‌ಕ್ರಾಸ್ ಅದನ್ನು ಸ್ವೀಕರಿಸಿ, ಕಚೇರಿ ಖರ್ಚಿಗೆಂದು ಏನನ್ನೂ ಕಡಿತ ಮಾಡದೆ ಪ್ರಾಂತ್ಯದ ಹಂಚಿಕೆ ಸಮಿತಿಗೆ ಒಪ್ಪಿಸುತ್ತದೆ. ಆದರೆ ಯಾರಿಗೆ ಎಷ್ಟು ಎಂದು ತೀರ್ಮಾನವಾಗುವವರೆಗೆ ಅದು ಕಾಯಬೇಕು. 'ಶಿಯೆನ್‌ಕಿನ್' ಎಂದರೆ ಪರಿಹಾರ ಕಾರ್ಯ ನಡೆಸುವ ಸಂಸ್ಥೆಗಳಿಗೆ ಕೊಡುವ ಹಣ. ಅದು ಅಕ್ಕಿಯಾಗಿ, ಕಂಬಳಿಯಾಗಿ, ಲಾರಿಯ ಡೀಸೆಲ್ ಆಗಿ ಬೇಗ ಖರ್ಚಾಗುತ್ತದೆ. ಎರಡೂ ಬೇಕು. ಆದರೆ ಒಂದನ್ನು ಹೇಳಿ ಇನ್ನೊಂದಕ್ಕೆ ಕೊಟ್ಟರೆ ಕೊಟ್ಟವರಿಗೆ ಮೋಸವಾದಂತೆ ಅನಿಸುತ್ತದೆ. ನಮ್ಮಲ್ಲಿ ಪ್ರವಾಹ ಬಂದಾಗ ಡಬ್ಬಿ ಹಿಡಿದು ಹೊರಡುವವರು ಇದನ್ನು ಮೊದಲೇ ಹೇಳಿದ್ದನ್ನು ನಾವಂತೂ ಕಂಡಿಲ್ಲ.

ಇಂಥ ಶಿಕ್ಷಕರ ಸಂಗ್ರಹಗಳ ರೀತಿ ಬಹುಮಟ್ಟಿಗೆ ಒಂದೇ. ಒಂದು ಸಂಜೆ ರಸಪ್ರಶ್ನೆ, ಹಳೆಯ ಪುಸ್ತಕಗಳ ಮಾರಾಟ, ಓಟ ಅಥವಾ ಸೈಕಲ್ ಯಾತ್ರೆ. ಇದರಲ್ಲಿ ಹೊಸತೇನಿಲ್ಲ, ನಮ್ಮ ಹೌಸಿ ಮತ್ತು ಏಲಂಗಳ ಹಾಗೆಯೇ. ಕಷ್ಟ ಇರುವುದು ಬೇರೆಡೆ. ವಿದೇಶಿ ಶಿಕ್ಷಕರು ಎಲ್ಲಿಯೂ ತಳವೂರುವುದಿಲ್ಲ. ಜಪಾನಿನಲ್ಲಿ ಒಪ್ಪಂದದ ವರ್ಷ ಬೇಸಿಗೆಯ ಕೊನೆಗೆ ಮುಗಿಯುತ್ತದೆ, ಗಲ್ಫ್‌ನಲ್ಲಿ ಸಾಮಾನ್ಯವಾಗಿ ಜೂನ್-ಜುಲೈ ರಜೆಗೆ ಶಾಲೆ ಬದಲಾಗುತ್ತದೆ. ಲೆಕ್ಕ ಇಟ್ಟವನು ವಿಮಾನ ಹತ್ತಿದರೆ ಹಣದ ಕಥೆಯೂ ಅಲ್ಲಿಗೆ ಮುಗಿಯಿತು. ಆದುದರಿಂದ ಸಂಗ್ರಹಕ್ಕೆ ಕೊನೆಯ ದಿನಾಂಕ ನಿಗದಿಯಾಗಿರಬೇಕು, ಎಣಿಸುವಾಗ ಇಬ್ಬರಿರಬೇಕು, ಹಣ ರಜೆಗೆ ಮೊದಲೇ ತಲುಪಬೇಕಾದಲ್ಲಿಗೆ ತಲುಪಿ ರಸೀದಿ ಕೈಗೆ ಬರಬೇಕು. ಇನ್ನೊಂದು ಮಾತು: ವಿದ್ಯಾರ್ಥಿಗಳ ಮನೆಯವರಲ್ಲಿ ಕೇಳಬಾರದು. ಮಗುವಿನ ಅಂಕ ಕೊಡುವವರು ಕೈಚಾಚಿದರೆ ಅದು ದೇಣಿಗೆಯಾಗಿ ಉಳಿಯುವುದಿಲ್ಲ. ಶಾಲೆಯ ಹೆಸರು, ಕಟ್ಟಡ, ಇಮೇಲ್ ಬಳಸುವುದಾದರೆ ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಬೇಕು.

ಇನ್ನು ಮೊದಲನೆಯ ಬಾಗಿಲು. ದಕ್ಷಿಣ ಕೊರಿಯದಲ್ಲೂ ಇಂಗ್ಲಿಷ್ ಕಲಿಸುವ ವಿದೇಶೀಯರು ಸಾವಿರಾರು ಮಂದಿ ಇದ್ದಾರೆ. ಅಲ್ಲಿ ವರ್ಷಕ್ಕೆ 1 ಕೋಟಿ ವೊನ್ ಅಥವಾ ಅದಕ್ಕಿಂತ ಹೆಚ್ಚು ದೇಣಿಗೆ ಸಂಗ್ರಹಿಸಬೇಕಾದರೆ ಸರಕಾರದಲ್ಲಿ ನೋಂದಣಿ ಕಡ್ಡಾಯ. ಸಣ್ಣ ಮೊತ್ತಕ್ಕೆ ಅಷ್ಟು ಬಿಗಿಯಿಲ್ಲ.

ನಮ್ಮ ಕರಾವಳಿಯವರು ಹೆಚ್ಚಾಗಿರುವ ಗಲ್ಫ್‌ನಲ್ಲಿ ಹಾಗಲ್ಲ. ದುಬೈ 2015ರಲ್ಲೇ 9ನೇ ಆದೇಶದ ಮೂಲಕ ದೇಣಿಗೆ ಸಂಗ್ರಹವನ್ನು ನಿಯಂತ್ರಿಸಿತು. ಇಡೀ ಎಮಿರೇಟ್ಸ್‌ಗೆ 2021ರ 3ನೇ ಫೆಡರಲ್ ಕಾನೂನು ಬಂದಿದೆ. ಇದರಂತೆ ಪರವಾನಗಿ ಹೊಂದಿದ ಸಂಸ್ಥೆಗಳು ಮಾತ್ರ ದೇಣಿಗೆ ಎತ್ತಬಹುದು, ವ್ಯಕ್ತಿಗಳು ಎತ್ತುವಂತಿಲ್ಲ. ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಕೇಳುವುದೂ ಅಪರಾಧವೇ, ಅದಕ್ಕೆ ಸೈಬರ್ ಅಪರಾಧ ಕಾನೂನು ಬೇರೆ ಇದೆ. ಶಿಕ್ಷೆ ಎಂದರೆ ಸೆರೆವಾಸ, ಲಕ್ಷಗಟ್ಟಲೆ ದಿರ್ಹಂ ದಂಡ. 2016ರಲ್ಲಿ ದುಬೈನಲ್ಲಿ ಕೆಲಸಕ್ಕಿದ್ದ ಬ್ರಿಟಿಷ್-ಆಸ್ಟ್ರೇಲಿಯನ್ ಪೌರರೊಬ್ಬರು ಅಫ್ಘಾನಿಸ್ತಾನದ ನಿರಾಶ್ರಿತ ಮಕ್ಕಳಿಗೆ ಕಂಬಳಿ ಕೊಳ್ಳುವ ಸಂಗ್ರಹವೊಂದರ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡದ್ದಕ್ಕಾಗಿ ಸುಮಾರು ಮೂರು ವಾರ ಬಂಧನದಲ್ಲಿದ್ದರು. ಹಣ ಅವರ ಕೈಗೆ ಬರುವಂಥದ್ದೂ ಆಗಿರಲಿಲ್ಲ. ಕುವೈಟ್, ಸೌದಿ ಅರೇಬಿಯಾಗಳಲ್ಲೂ ಪರವಾನಗಿಯಿಲ್ಲದೆ ಸಾರ್ವಜನಿಕರಿಂದ ದೇಣಿಗೆ ಎತ್ತುವುದು ನಿಷಿದ್ಧ. ಧರ್ಮಾರ್ಥದ ಹೆಸರಿನಲ್ಲಿ ಬೇರೆಲ್ಲೋ ಹಣ ಹೋಗಬಾರದೆಂಬ ಎಚ್ಚರಿಕೆಯಿಂದ ಆ ದೇಶಗಳು ಹೀಗೆ ಮಾಡಿಕೊಂಡಿವೆ. ನಾವು ಊರಿನಿಂದ 'ಒಂದು ಮೆಸೇಜ್ ಹಾಕಿಬಿಡಿ' ಎಂದಾಗ ಯಾರನ್ನು ಯಾವ ಅಪಾಯಕ್ಕೆ ದೂಡುತ್ತಿದ್ದೇವೆ ಎಂಬುದು ಇಷ್ಟರಿಂದ ತಿಳಿದೀತು.

ಎರಡನೆಯ ಬಾಗಿಲು ನಮ್ಮ ದೇಶದ್ದೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಂದರೆ ಎಫ್‌ಸಿಆರ್‌ಎ. ಇದರ ಬಗ್ಗೆ ನಮ್ಮ ಕಾರ್ಯಕರ್ತರಲ್ಲಿ ಇರುವಷ್ಟು ತಪ್ಪು ಕಲ್ಪನೆ ಬೇರೆ ವಿಷಯದಲ್ಲಿ ಇರಲಾರದು. ವಿದೇಶದಿಂದ ಬಂದ ಹಣವೆಲ್ಲ ವಿದೇಶಿ ದೇಣಿಗೆ ಎನ್ನುವವರು ಕೆಲವರು. ನಮ್ಮವರೇ ಕಳುಹಿಸಿದರೆ ತೊಂದರೆಯಿಲ್ಲ ಎನ್ನುವವರು ಕೆಲವರು. ಎರಡೂ ಪೂರ್ಣ ಸರಿಯಲ್ಲ. ಇಲ್ಲಿ ನೋಡಬೇಕಾದುದು ಹಣ ಎಲ್ಲಿಂದ ಬಂತು ಎಂಬುದನ್ನಲ್ಲ, ಕೊಟ್ಟವರ ಪಾಸ್‌ಪೋರ್ಟನ್ನು. ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿ ಭಾರತೀಯರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ಕೆನಡಾದ ಪೌರತ್ವ ಪಡೆದ ನಮ್ಮೂರ ಶಿಕ್ಷಕಿ ಕೊಟ್ಟರೆ ವಿದೇಶಿ ದೇಣಿಗೆಯೇ, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ಊರಿನ ಹಬ್ಬಕ್ಕೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ. ಹಣ ಮಾತ್ರವಲ್ಲ, ಸಂಸ್ಥೆಗೆ ಕೊಡುವ ಕಂಪ್ಯೂಟರ್‌ನಂಥ ವಸ್ತುಗಳೂ ಈ ವ್ಯಾಪ್ತಿಗೆ ಬರುತ್ತವೆ.

ಇದರಿಂದ ಶಿಕ್ಷಕರ ಸಂಗ್ರಹಕ್ಕೆ ಆಗುವ ತೊಡಕು ನೋಡಿ. ಹತ್ತು ದೇಶಗಳ ಸಹೋದ್ಯೋಗಿಗಳ ಹಣವನ್ನು ಒಟ್ಟುಮಾಡಿ ನಮ್ಮ ಶಿಕ್ಷಕಿ ತಮ್ಮ ಖಾತೆಯಿಂದ ಕಳುಹಿಸಿದರು ಎನ್ನೋಣ. ಅದು ಅವರ ಸ್ವಂತ ಉಳಿತಾಯವಾಗಿ ಉಳಿಯಲಿಲ್ಲ. ನೋಂದಣಿಯಿಲ್ಲದ ಧರ್ಮಕೇಂದ್ರ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ನೋಂದಣಿ ಇರುವ ಸಂಸ್ಥೆಯೂ 2020ರ ತಿದ್ದುಪಡಿಯ ಪ್ರಕಾರ ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿನ ನಿಗದಿತ ಖಾತೆಗೇ ಹಣ ಪಡೆಯಬೇಕು. ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, ಮೊದಲು ಶೇ. 50 ಇತ್ತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. "ದೊಡ್ಡ ಸಂಸ್ಥೆಗೆ ಬರಲಿ, ಅಲ್ಲಿಂದ ನಮ್ಮ ಖಾತೆಗೆ ಹಾಕಿಕೊಡಿ" ಎನ್ನುವ ಹಳೆಯ ದಾರಿ ಅಲ್ಲಿಗೆ ಮುಚ್ಚಿದೆ. ಆ ಸಂಸ್ಥೆಯೇ ತನ್ನ ಕಾರ್ಯಕ್ರಮವಾಗಿ ಫಲಾನುಭವಿಗೆ ನೇರವಾಗಿ ಖರ್ಚು ಮಾಡಬೇಕು.

ಹೀಗಾಗಿ ಪರದೇಶದ ಶಿಕ್ಷಕರಿಗೆ ಬರೆಯುವ ಮುನ್ನ ಕಾರ್ಯಕರ್ತರು ಪತ್ರವನ್ನು ಎರಡಾಗಿ ಯೋಚಿಸುವುದು ಒಳ್ಳೆಯದು. ಶಿಕ್ಷಕರು ಸ್ವತಃ ಕೊಡುವುದು ಬೇರೆ, ಇತರರಿಂದ ಎತ್ತಿಕೊಡುವುದು ಬೇರೆ. ಮೊದಲನೆಯದನ್ನು ಸಂಕೋಚವಿಲ್ಲದೆ, ಅವರಿಗೆ ಮಾತ್ರ ತಲುಪುವಂತೆ ಕೇಳಬಹುದು, ಗ್ರೂಪಿನಲ್ಲಿ ಬೇಡ. ಎರಡನೆಯದಕ್ಕೆ ಅಲ್ಲಿನ ಪರವಾನಗಿ ಹೊಂದಿದ ಸಂಸ್ಥೆ, ಇಲ್ಲಿನ ನೋಂದಣಿ ಹೊಂದಿದ ಸಂಸ್ಥೆ ಎರಡೂ ಒಪ್ಪಿರಬೇಕು. ಒಂದು ಇಲ್ಲದಿದ್ದರೂ ಕೇಳಬಾರದು. ತಡವಾಗುತ್ತದೆ ಮಾರಾಯ್ರೇ ಎಂದರೆ, ಹೌದು, ತಡವಾಗುತ್ತದೆ.

ಆರಂಭದಲ್ಲಿ ಹೇಳಿದ ಶಿಕ್ಷಕಿಯ ವಿಷಯಕ್ಕೆ ಬಂದರೆ, ನಾವು ಪಾಲನಾ ಮಂಡಳಿಯ ಆ ಸದಸ್ಯರೊಡನೆ ಕುಳಿತು ಮಾತನಾಡಿದೆವು. ಅವರಿಗೆ ಕಾನೂನು ಗೊತ್ತಿರಲಿಲ್ಲ, ತಿಳಿದ ಮೇಲೆ ಅವರೇ ಆ ಟೀಚರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಶಿಕ್ಷಕಿ ತಮ್ಮ ಸಂಬಳದಿಂದಲೇ ತಿಂಗಳಿಗೆ ಇಷ್ಟು ಎಂದು ಧರ್ಮಕೇಂದ್ರದ ನೆರವು ನಿಧಿಗೆ ಕಳುಹಿಸುತ್ತೇನೆ ಎಂದರು. ನೆರವು ಮಾಡಬೇಕೆಂದಿದ್ದ ಅವರ ಫಿಲಿಪ್ಪೀನ್ಸ್‌ನ ಸಹೋದ್ಯೋಗಿಗಳು ಅಲ್ಲಿನ ರೆಡ್ ಕ್ರೆಸೆಂಟ್‌ಗೆ ಕೊಟ್ಟರಂತೆ. ಅದು ನಮ್ಮ ಯುವಕನಿಗೆ ಬರಲಿಲ್ಲ, ಬೇರೆ ಯಾರಿಗೋ ಸೇರಿರುತ್ತದೆ. ಶಿಕ್ಷಕಿಯ ಮೊದಲ ಕಂತು ಮುಂದಿನ ತಿಂಗಳೇ ಬಂತು. ಚರ್ಚ್ ಕಚೇರಿಯ ಗುಮಾಸ್ತರು ರಸೀದಿ ಪುಸ್ತಕದ ಆ ಹಾಳೆಯ ಹಿಂದೆ ಅವರ ಪಾಸ್‌ಪೋರ್ಟಿನ ಪ್ರತಿಯನ್ನು ಪಿನ್ ಹಾಕಿ ಇಟ್ಟಿದ್ದಾರೆ.