ಎಣ್ಣೆಕಾಳು ನಮ್ಮದು, ಡಾಲ್ಡಾ ಯಾಕ?

ರೋಣ, ನರಗುಂದ, ಗಜೇಂದ್ರಗಡದ ರೈತರಿಗೆ ಎಣ್ಣೆಕಾಳು ಹೊಸದಲ್ಲ. ಮಸಾರಿಯಲ್ಲಿ ಶೇಂಗಾ, ಎರಿಯಲ್ಲಿ ಕುಸುಬಿ, ಸೂರ್ಯಕಾಂತಿ. ಅಕ್ಕಡಿ ಸಾಲಿಗೆ ಗುರೆಳ್ಳು, ಅಗಸಿ. ಆದರೆ ಕಾಳು ಮಾರಾಟಕ್ಕೆ ಹೋಗುತ್ತದೆ. ಮನೆಗೆ ಪಾಮ್ ಎಣ್ಣೆ ಪಾಕೀಟು, ಖಾರಿ, ಬಿಸ್ಕೀಟು ಬರುತ್ತವೆ. ಕಾಳು ಮಾರಿದ ರೊಕ್ಕದಾಗ ಬ್ಯಾನಿ ಕೊಂಡು ತಂದಂಗ!

ಟ್ರಾನ್ಸ್ ಕೊಬ್ಬು ಎಂದರೇನು?

ನಿಕ್ಕಲ್ ಪುಡಿ ಬೆರೆಸಿದ ಬಿಸಿ ಎಣ್ಣೆಗೆ ಹೈಡ್ರೋಜನ್ ಅನಿಲ ಹಾಯಿಸಿದರೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಅದೇ ವನಸ್ಪತಿ. 1937ರಲ್ಲಿ ಬಂದ ಡಾಲ್ಡಾದ ಹೆಸರೇ ಇಂಥದ್ದಕ್ಕೆಲ್ಲ ಅಂಟಿಕೊಂಡಿತು. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡಿದಾಗ ಒಂದಿಷ್ಟು ಕೊಬ್ಬು ರೂಪ ಬದಲಿಸಿ ಟ್ರಾನ್ಸ್ ಕೊಬ್ಬಾಗುತ್ತದೆ. ಇದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ರಕ್ತನಾಳ ಕಟ್ಟಿಕೊಂಡು ಹೃದಯಾಘಾತಕ್ಕೆ ದಾರಿಯಾಗುತ್ತದೆ.

ಎಣ್ಣೆ, ವನಸ್ಪತಿಯಲ್ಲಿ ಇದು ನೂರಕ್ಕೆ 3 ಭಾಗ ಮೀರಬಾರದೆಂದು 2021ಕ್ಕೆ, 2 ಭಾಗ ಮೀರಬಾರದೆಂದು 2022ರ ಜನವರಿಯಿಂದ ನಿಯಮ ಬಂತು. ಅವುಗಳಿಂದ ಮಾಡಿದ ತಿನಿಸಿಗೂ ಅದೇ ಮಿತಿ.

ಹಂಗಾದ್ರ ಚಿಂತಿ ಮುಗೀತೇನು?

ಇಲ್ಲ. ಸಂತೆಯಲ್ಲಿ ಬಿಡಿಯಾಗಿ ಮಾರುವ ಖಾರಿ, ಟೋಸ್ಟಿಗೆ ಚೀಟಿಯೇ ಇರುವುದಿಲ್ಲ. ಮಿರ್ಚಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಕೆಟ್ಟ ಅಂಶಗಳು ಹುಟ್ಟುತ್ತವೆ. ಪಾಮ್ ಎಣ್ಣೆ ತಾನಾಗಿ ಟ್ರಾನ್ಸ್ ಕೊಬ್ಬಲ್ಲ, ನಿಜ. ಆದರೆ ಅದರಲ್ಲಿ ಸುಮಾರು ಅರ್ಧ ಭಾಗ ಜಡ ಕೊಬ್ಬು. ಕುಸುಬಿ ಎಣ್ಣೆಯಲ್ಲಿ ಅದು ನೂರಕ್ಕೆ ಹತ್ತರೊಳಗೆ.

ಮನೆಯ ಲೆಕ್ಕ

ತಲೆಗೆ ದಿನಕ್ಕೆ 25 ಗ್ರಾಂ ಹಿಡಿದರೆ ಐದು ಮಂದಿಯ ಮನೆಗೆ ವರ್ಷಕ್ಕೆ ಸುಮಾರು 45 ಕಿಲೋ ಎಣ್ಣೆ ಬೇಕು. ನೂರು ಕಿಲೋ ಶೇಂಗಾ ಬೀಜಕ್ಕೆ ಗಾಣದಲ್ಲಿ 40 ಕಿಲೋ ಇಳಿದರೂ ಒಂದು ಕ್ವಿಂಟಲಿಗಿಂತ ತುಸು ಹೆಚ್ಚು ಬೀಜ ಎತ್ತಿಟ್ಟರೆ ಸಾಕು. ಹಿಂಡಿ ದನಕ್ಕೆ. ಕುಸುಬಿಯಲ್ಲಿ ಎಣ್ಣೆ ಕಡಿಮೆ, ನೂರಕ್ಕೆ 30ರ ಆಸುಪಾಸು. ಮುಳ್ಳಿನ ಬೆಳೆ, ಕೊಯ್ಲಿಗೆ ಆಳು ಸಿಗೋದು ಕಷ್ಟ. ಮಾರಾಟಕ್ಕೆ ಬೇಡವೆಂದರೂ ಮನೆಗಾಗುವಷ್ಟು ಸಾಲು ಹಾಕಬಹುದು.

ಒಂದು ಎಚ್ಚರಿಕೆ: ಬೂಸ್ಟು ಹಿಡಿದ, ಮುರುಟಿದ ಶೇಂಗಾ ಗಾಣಕ್ಕೆ ಒಯ್ಯಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಗಾಣದ ಎಣ್ಣೆಗೂ ಹಿಂಡಿಗೂ ಇಳಿಯುತ್ತದೆ. ಹಿಂಡಿ ತಿಂದ ಎಮ್ಮೆಯ ಹಾಲಿಗೂ ಬರುತ್ತದೆ. ಚೆನ್ನಾಗಿ ಒಣಗಿಸಿ, ಆರಿಸಿಯೇ ಹಾಕಿಸಿ.

ಇಷ್ಟು ಮಾಡಿ

* ಪಾಕೀಟಿನ ಮೇಲೆ ‘ವನಸ್ಪತಿ’, ‘ಹೈಡ್ರೋಜನೀಕರಿಸಿದ ಕೊಬ್ಬು’ ಎಂದಿದ್ದರೆ ಕೆಳಗಿಡಿ. ಓದಲು ಬರದಿದ್ದರೆ ಸಾಲಿಗೆ ಹೋಗೋ ಮಕ್ಕಳಿಂದ ಓದಿಸಿ.
* ಹೋಳಿಗೆ, ಉಂಡಿಗೆ ಮನೆಯ ತುಪ್ಪ ಇರಲಿ, ಅದೂ ಹಿತಮಿತವಾಗಿ.
* ಕರಿದು ಉಳಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ. ಅದು ಒಗ್ಗರಣೆಗೆ ಬೇಗ ಮುಗಿಯಲಿ.
* ಮಕ್ಕಳ ಕೈಗೆ ಖಾರಿಯ ಬದಲು ಹುರಿದ ಶೇಂಗಾ, ಪುಟಾಣಿ, ಎಳ್ಳುಂಡಿ ಕೊಡಿ.
* ರೊಟ್ಟಿಗೆ ಅಗಸಿ, ಗುರೆಳ್ಳು ಚಟ್ನಿ ಇದ್ದರೆ ಪಲ್ಲೆಗೆ ಎಣ್ಣೆ ಕಡಿಮೆ ಮಾಡಬಹುದು; ಕಾಳಿನಲ್ಲೇ ಎಣ್ಣೆ ಇದೆ.

ಮುಂದಿನ ಸುಗ್ಗಿಯಲ್ಲಿ ಚೀಲ ಗಾಡಿಗೆ ಹೇರುವ ಮೊದಲು ಮನೆಯ ಪಾಲು ಎತ್ತಿಡಿ. ಪ್ಯಾಟಿಗೆ ಉಳಿದದ್ದು ಹೋಗಲಿ.