ಆಯಿಲ್ ಮುಚ್ಚಳದಡಿ ಬೆಣ್ಣೆ ಕಂಡರೆ...

ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡೋದು, ಬರುವಾಗ ತರಕಾರಿ ತರೋದು, ಸಂಜೆ ಸಂಗೀತದ ಕ್ಲಾಸು, ಆಮೇಲೆ ಟ್ಯೂಷನ್ನು. ನಿಮ್ಮ ಕಾರಿನ ದಿನಚರಿ ಇಷ್ಟೇ ತಾನೆ? ಪೆಟ್ರೋಲ್ ಹಾಕಿಸ್ತೀರಿ, ಟೈರಿಗೆ ಗಾಳಿ ನೋಡ್ತೀರಿ. ಬಾನೆಟ್ ಒಳಗಿನದು ಮಾತ್ರ ಯಜಮಾನರ ಡಿಪಾರ್ಟ್‌ಮೆಂಟು ಅಂತ ಬಿಟ್ಟಿರ್ತೀರಿ. ಹೀಗಿರುವಾಗ ಒಂದು ದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಯಿಲ್ ಮುಚ್ಚಳ ತಿರುಗಿಸಿ, ಒಳಗೆ ಅಂಟಿರುವ ಬೆಣ್ಣೆಯಂಥ ಲೋಳೆ ತೋರಿಸಿ, ‘ಮೇಡಂ, ಆಯಿಲಿಗೆ ನೀರು ಸೇರಿದೆ, ಎಂಜಿನ್ ಹೆಡ್ ಬಿಚ್ಚಬೇಕು’ ಅಂದರೆ ಏನು ಮಾಡ್ತೀರಿ?

ಎದೆ ಧಸಕ್ಕೆನ್ನುವುದು ಸಹಜ. ಹೆಡ್ ಬಿಚ್ಚುವುದೆಂದರೆ ಸಾವಿರಗಳ ಲೆಕ್ಕ, ಕಾರು ಹಲವು ದಿನ ಗ್ಯಾರೇಜಿನಲ್ಲೇ ಠಿಕಾಣಿ. ಆದರೆ ಗಾಬರಿ ಬೇಡ. ಆ ಬೆಣ್ಣೆ ನಿಜವಾಗಿ ದೊಡ್ಡ ಕಾಯಿಲೆಯ ಗುರುತಾಗಿರಬಹುದು, ಏನೂ ಅಲ್ಲದೆಯೂ ಇರಬಹುದು. ಮುಚ್ಚಳ ಒಂದನ್ನೇ ನೋಡಿ ಯಾರೂ ತೀರ್ಪು ಕೊಡುವ ಹಾಗಿಲ್ಲ.

ಬೆಣ್ಣೆ ಬಂದದ್ದೆಲ್ಲಿಂದ?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆ ನೀರಿನ ಹನಿ ಸಾಲುಗಟ್ಟಿರುತ್ತದಲ್ಲ, ಇಲ್ಲೂ ಅದೇ ಕಥೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ! ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್ ಇರುವ ಜಾಗ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದೂ ಆವಿಯಾಗಿ ಹೊರಟುಹೋಗುತ್ತದೆ. ಆದರೆ ಎರಡು ಕಿ.ಮೀ. ಓಡಿಸಿ ಆಫ್ ಮಾಡಿದರೆ? ಕೂಲೆಂಟ್ ಬಿಸಿಯಾದರೂ ಆಯಿಲ್ ಬಿಸಿಯಾಗಿರುವುದಿಲ್ಲ. ಆವಿ ಮೇಲಿನ ತಣ್ಣನೆ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಆಯಿಲಿನ ಜೊತೆ ಕಲೆತು ಬೆಳ್ಳಗೆ, ತಿಳಿ ಹಳದಿಯಾಗಿ ಗಟ್ಟಿಯಾಗುತ್ತದೆ.

ಬೆಂಗಳೂರು, ಮೈಸೂರಿನ ಡಿಸೆಂಬರ್-ಜನವರಿಯ ಚಳಿಯಲ್ಲಿ, ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ಇದು ಇನ್ನೂ ಹೆಚ್ಚು. ಅಂದರೆ ಸ್ಕೂಲು-ಅಂಗಡಿ ಅಂತ ಸುತ್ತುವ ನಮ್ಮಂಥವರ ಕಾರಿನಲ್ಲೇ ಈ ಬೆಣ್ಣೆ ಕಾಣುವ ಸಂಭವ ಜಾಸ್ತಿ.

ಕಾಯಿಲೆಯೇ ಆದರೆ?

ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವೆ ಹೆಡ್ ಗ್ಯಾಸ್ಕೆಟ್ ಅಂತ ಒಂದು ತೆಳು ಹಾಳೆ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಆವಿ ತಡೆದ ಹಾಗೆ, ಇದು ಆಯಿಲ್, ಕೂಲೆಂಟ್, ಉರಿಯುವ ಗ್ಯಾಸ್ ಮೂರನ್ನೂ ಬೇರೆಬೇರೆಯಾಗಿ ಇಡುತ್ತದೆ. ಎಂಜಿನ್ ವಿಪರೀತ ಬಿಸಿಯಾಗಿ ಇದು ಹಾಳಾದರೆ ಕೂಲೆಂಟ್ ಆಯಿಲಿಗೆ ಸೇರಬಹುದು. ನೀರು ಬೆರೆತ ಆಯಿಲಿಗೆ ಜಾರುವ ಗುಣ ಕಡಿಮೆ. ಹಾಗೇ ಓಡಿಸುತ್ತಾ ಹೋದರೆ ಬೇರಿಂಗ್ ಸವೆದು ಎಂಜಿನ್ ಸೀಜ್ ಆಗಬಹುದು. ಆದ್ದರಿಂದ ‘ಏನೂ ಆಗಲ್ಲ ಬಿಡಿ’ ಅಂತ ಸುಮ್ಮನಿರುವುದೂ ಸರಿಯಲ್ಲ. ಹಾಗಾದರೆ ಯಾವುದು ಅಂತ ತಿಳಿಯೋದು ಹೇಗೆ?

ನೀವೇ ಮಾಡಿ ನೋಡಿ

ಬೆಳಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಒಂದು ಹಳೇ ಬಟ್ಟೆ ಹಿಡಿದು ನಿಂತರೆ ಸಾಕು. ಸಮತಟ್ಟಾದ ಜಾಗದಲ್ಲಿ ಕಾರು ನಿಂತಿರಲಿ.

* ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಅಳೆಯುವ ಕಡ್ಡಿಯ ತುದಿಯಲ್ಲಿ ಆಯಿಲ್ ಜೇನಿನ ಬಣ್ಣಕ್ಕೋ ಕಪ್ಪಗೋ ಇದ್ದರೆ ಸಮಾಧಾನ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಕಾರು ಸ್ಟಾರ್ಟ್ ಮಾಡಬೇಡಿ. ಕಡ್ಡಿಯ ಮೇಲ್ಭಾಗದಲ್ಲಿ ಮಾತ್ರ ಚೂರು ಬಿಳುಪಿದ್ದರೆ ಅದು ಆವಿಯದೇ ಇರಬಹುದು.

* ಕೂಲೆಂಟ್ ಡಬ್ಬಿ ನೋಡಿ. ಹೊರಗಿನಿಂದಲೇ ಕಾಣುವ ಮಿನ್, ಮ್ಯಾಕ್ಸ್ ಗೆರೆಗಳ ಮಧ್ಯೆ ಮಟ್ಟ ಇರಬೇಕು. ಇವತ್ತಿನ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ವಾರ ಬಿಟ್ಟು ನೋಡಿ. ನೆಲದ ಮೇಲೆ ಎಲ್ಲೂ ಸೋರಿಲ್ಲ, ಆದರೂ ಕಡಿಮೆಯಾಗುತ್ತಲೇ ಇದೆ ಅಂದರೆ ಅನುಮಾನ ಪಡಿ. ಮೇಲೆ ಎಣ್ಣೆ ಜಿಡ್ಡು ತೇಲುತ್ತಿದ್ದರೂ ಅಷ್ಟೇ.

* ಹೊಗೆ ನೋಡಿ. ಚಳಿಯ ಬೆಳಗ್ಗೆ ಮೊದಲ ಕೆಲವು ನಿಮಿಷ ಬಿಳಿ ಆವಿ ಬಂದರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ, ಅದರಲ್ಲೊಂದು ಸಿಹಿ ವಾಸನೆ ಇದ್ದರೆ ಕೂಲೆಂಟ್ ಉರಿಯುತ್ತಿರಬಹುದು.

* ಮೀಟರ್ ನೋಡಿ. ಟೆಂಪರೇಚರ್ ಮುಳ್ಳು ಮೇಲೇರುವುದು ಅಥವಾ ಕೆಂಪು ದೀಪ ಹತ್ತುವುದು ಕಂಡರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಎಷ್ಟೇ ಓಡಿಸಿದರೂ ಮುಳ್ಳು ಮೇಲೇಳುವುದೇ ಇಲ್ಲವೇ? ಥರ್ಮೋಸ್ಟಾಟ್ ಕೆಟ್ಟಿರಬಹುದು. ಎಂಜಿನ್ ಕಾಯದಿದ್ದರೂ ಮುಚ್ಚಳದಡಿ ಬೆಣ್ಣೆ ಕೂಡುತ್ತದೆ.

ಈ ನಾಲ್ಕೂ ಸರಿಯಾಗಿದ್ದರೆ ಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಬಿಗಿಯಾಗಿ ಹಾಕಿ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯಲ್ಲಿ 40-50 ಕಿ.ಮೀ. ಹೋಗಿಬನ್ನಿ. ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿ. ಸ್ವಚ್ಛವಾಗಿದ್ದರೆ ಅದು ಬರೀ ಆವಿ! ದೂರ ಓಡಿಸಿದರೂ ಮತ್ತೆ ಮತ್ತೆ ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ಎಂಜಿನ್ನಿನ ಆವಿ ಹೊರಹೋಗುವ ಪಿಸಿವಿ ವಾಲ್ವ್ ಎಂಬ ಚಿಕ್ಕ ಭಾಗ ಕಟ್ಟಿಕೊಂಡಿರಲೂಬಹುದು.

ಇನ್ನೊಂದು ಮಾತು. ಮುಚ್ಚಳ ಸ್ವಚ್ಛವಿದ್ದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಅಂತಲ್ಲ. ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಎಂಜಿನ್ ಬಿಸಿಯಾಗುತ್ತಿದ್ದರೆ ತೋರಿಸಲೇಬೇಕು.

ಬಿಳಿಯಲ್ಲ, ಕಪ್ಪು!

ಮುಚ್ಚಳದಡಿ ಕಪ್ಪು ಟಾರಿನಂಥ ಗಟ್ಟಿ ಮಡ್ಡಿ ಇದ್ದರೆ ಆಯಿಲ್ ಬದಲಾಯಿಸಿ ತುಂಬಾ ದಿನವಾಗಿದೆ ಎಂದರ್ಥ. ಡೀಸೆಲ್ ಕಾರಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಮಾಮೂಲಿ, ಆದರೆ ಹೆಪ್ಪುಗಟ್ಟಿದ ಮಡ್ಡಿ ಮಾಮೂಲಿಯಲ್ಲ. ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸಬೇಕು. ‘ನಮ್ಮ ಕಾರು ವರ್ಷಕ್ಕೆ 3,000 ಕಿ.ಮೀ. ಕೂಡ ಓಡಲ್ಲ’ ಅಂತ ಸುಮ್ಮನಿರಬೇಡಿ. ಕಡಿಮೆ ಓಡುವ ಕಾರಿನ ಆಯಿಲಿಗೇ ನೀರು, ಪೆಟ್ರೋಲ್ ಹೆಚ್ಚು ಸೇರುವುದು. ಡಿಪ್‌ಸ್ಟಿಕ್ಕಿಗೆ ಪೆಟ್ರೋಲ್ ವಾಸನೆ ಜೋರಾಗಿದ್ದರೂ, ಹೊಳೆಯುವ ಲೋಹದ ಚೂರು ಕಂಡರೂ ತಡ ಮಾಡದೆ ತೋರಿಸಿ.

ಗ್ಯಾರೇಜಿನಲ್ಲಿ ಹೀಗೆ ಕೇಳಿ

ಹೆಡ್ ಬಿಚ್ಚಬೇಕು ಅಂದರೆ ತಕ್ಷಣ ಹೂಂ ಅನ್ನಬೇಡಿ. ‘ಕೂಲಿಂಗ್ ಸಿಸ್ಟಂ ಪ್ರೆಶರ್ ಟೆಸ್ಟ್ ಮಾಡಿದ್ರಾ? ಕಂಪ್ರೆಷನ್ ಎಷ್ಟಿದೆ?’ ಅಂತ ಕೇಳಿ. ಡಿಪ್‌ಸ್ಟಿಕ್ ನಿಮ್ಮೆದುರೇ ತೆಗೆದು ತೋರಿಸಲಿ. ಖರ್ಚಿನ ಅಂದಾಜು ಬರೆಸಿಕೊಳ್ಳಿ, ಬಿಚ್ಚಿದ ಹಳೇ ಗ್ಯಾಸ್ಕೆಟ್ ವಾಪಸ್ ಕೊಡಲು ಹೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.

ನೆನಪಿಡಿ

* ಬಿಸಿ ಎಂಜಿನ್ನಿನ ರೇಡಿಯೇಟರ್ ಅಥವಾ ಕೂಲೆಂಟ್ ಮುಚ್ಚಳ ಎಂದೂ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

* ಕೂಲೆಂಟ್ ವಿಷ. ರುಚಿ ಸಿಹಿ. ಮಕ್ಕಳು, ನಾಯಿ-ಬೆಕ್ಕುಗಳಿಗೆ ಸಿಗದಂತಿಡಿ, ಚೆಲ್ಲಿದರೆ ತೊಳೆದುಬಿಡಿ.

* 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಮಳೆನೀರು ನುಗ್ಗಿದ್ದು ನೆನಪಿದೆಯಲ್ಲ? ಹಾಗೆ ನೀರಿನಲ್ಲಿ ಮುಳುಗಿದ ಕಾರನ್ನು ‘ಒಂದು ಸಲ ನೋಡೋಣ’ ಅಂತಲೂ ಸ್ಟಾರ್ಟ್ ಮಾಡಬೇಡಿ. ಟೋ ಮಾಡಿಸಿ.

ಹಾಲು ಕೆಟ್ಟಿದೆಯಾ ಅಂತ ಮೂಸಿಯೇ ಹೇಳುವವರು ನಾವು. ಬಣ್ಣ, ವಾಸನೆ, ಮಟ್ಟ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದೇನು ದೊಡ್ಡ ವಿದ್ಯೆಯೇ? ತಿಂಗಳಿಗೊಮ್ಮೆ ಐದು ನಿಮಿಷ ಬಾನೆಟ್ ಎತ್ತಿ ನೋಡಿ. ಮುಂದಿನ ಸಲ ಮೆಕ್ಯಾನಿಕ್ ‘ಮೇಡಂ, ಇಲ್ನೋಡಿ’ ಅಂದಾಗ, ‘ಡಿಪ್‌ಸ್ಟಿಕ್ ತೋರಿಸಿಪ್ಪಾ ಮೊದಲು’ ಅನ್ನಿ!