ತಿಂಗಳಿಗೆ ಎಷ್ಟು ಪುಟ?

ಪ್ರಿಂಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆ. ಕೈ ಬಿಗಿಯಿದ್ದವರು ಅದಕ್ಕೂ ಮೊದಲು ಪುಟಗಳ ಲೆಕ್ಕ ಹಾಕಬೇಕು. ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ಒಂದು ಮನೆ ಎಂದುಕೊಳ್ಳಿ: ಮಕ್ಕಳ ಪ್ರಾಜೆಕ್ಟ್, ಹೊಲದ ಸಾತಬಾರಾ ಉತಾರೆ (ಪಹಣಿ), ಆಧಾರ್ ಪ್ರತಿ, ಯಾವುದೋ ಅರ್ಜಿ. ಎಲ್ಲ ಸೇರಿ ತಿಂಗಳಿಗೆ 50 ಪುಟ. ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ, ಮನೆಯಲ್ಲಿ ಕಾಗದ, ಇಂಕ್ ಸೇರಿ 80 ಪೈಸೆ ಎಂದು ಹಿಡಿದರೆ ಉಳಿಯುವುದು ಪುಟಕ್ಕೆ 1 ರೂಪಾಯಿ 20 ಪೈಸೆ. 12,000 ರೂಪಾಯಿಯ ಯಂತ್ರದ ದುಡ್ಡು ಹುಟ್ಟಲು 10,000 ಪುಟ ಬೇಕು. ಹದಿನಾರು ವರ್ಷ ದಾಟುತ್ತದೆ! ಅಲ್ಲಿಯವರೆಗೆ ಯಂತ್ರ ಬದುಕಿದ್ದರೆ ತಾನೆ? ಈ ಮನೆಗೆ ಅಂಗಡಿಯೇ ಸರಿ. ಇಚಲಕರಂಜಿಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುವವರು ತಿಂಗಳಿಗೆ 500 ಪುಟ ತೆಗೆದರೆ ಇಪ್ಪತ್ತೇ ತಿಂಗಳಲ್ಲಿ ಅಸಲು ಬರುತ್ತದೆ.

ಅಂಗಡಿಗೆ ಹೋಗುವ ಕನ್ನಡಿಗರಿಗೆ ಗಡಿಯಾಚೆ ಇನ್ನೊಂದು ತೊಡಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಕೊಲ್ಹಾಪುರದ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅವು ಬರೀ ಇಂಗ್ಲಿಷ್. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಓದಲಂತೂ ಬರುತ್ತದೆ, ಆದರೆ ಸಾಲು, ಪುಟ ಜರುಗಬಹುದು. ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ದರೆ ಫಾಂಟೂ ಫೈಲಿನೊಳಗೇ ಸೇರಿರುತ್ತದೆ. ಇದಕ್ಕೆ ಖರ್ಚಿಲ್ಲ.

ಇನ್ನು ಯಂತ್ರ. ಕಾರ್ಟ್ರಿಜ್ ಹಾಕುವ ಅಗ್ಗದ ಇಂಕ್‌ಜೆಟ್ ಬಡವರ ಪ್ರಿಂಟರಿನಂತೆ ಕಾಣುತ್ತದೆ. ನನ್ನ ಮಟ್ಟಿಗೆ ಅದರಷ್ಟು ದುಬಾರಿ ಬೇರೊಂದಿಲ್ಲ. ಸಣ್ಣ ಕಾರ್ಟ್ರಿಜ್ ಇನ್ನೂರು ಪುಟದ ಆಸುಪಾಸಿಗೇ ಬರಿದಾಗುತ್ತದೆ. ಇಂಕ್ ಟ್ಯಾಂಕಿನ ಯಂತ್ರಕ್ಕೆ ಮೊದಲಿಗೆ ಹೆಚ್ಚು ಕೊಡಬೇಕು, ಆಮೇಲೆ ಹಗುರ. ಎಪ್ಸನ್ನಿನ 003 ಕಪ್ಪು ಬಾಟಲಿಯಲ್ಲಿ 65 ಮಿಲಿಲೀಟರ್ ಇಂಕ್; ಕಂಪನಿಯ ಲೆಕ್ಕದಲ್ಲಿ 4,500 ಪುಟ. ಆದರೆ ಇಂಕ್‌ಜೆಟ್ಟನ್ನು ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಕೂದಲೆಳೆಗಿಂತ ಸಣ್ಣ ತೂತುಗಳಲ್ಲಿ ಇಂಕ್ ಒಣಗುತ್ತದೆ. ತೊಳೆಯಲೂ ಇಂಕೇ ಬೇಕು. ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿರಬೇಕು.

ಕಪ್ಪು ಅಕ್ಷರವಷ್ಟೇ ಸಾಕೆನ್ನುವವರಿಗೆ ಲೇಸರ್ ವಾಸಿ. ಟೋನರ್ ಪ್ಲಾಸ್ಟಿಕ್ಕಿನ ಪುಡಿ; ಒಣಗುವ ಮಾತೇ ಇಲ್ಲ. ಕಾದ ರೋಲರಿನಡಿ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುವುದರಿಂದ ಮಳೆಯಲ್ಲಿ ನೆನೆದ ಅರ್ಜಿಯ ಅಕ್ಷರವೂ ಹರಡದು. ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ 2900 ಮಾದರಿಗಳು ಹಳೆಯವಾದರೂ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಇವುಗಳ ಕಾರ್ಟ್ರಿಜ್ಜಿಗೆ ಸುಮಾರು 2,000 ಪುಟ, ಅದೂ ಪುಟದ ನೂರರಲ್ಲಿ ಐದು ಪಾಲಷ್ಟೇ ಕಪ್ಪಿದ್ದರೆ. ದಪ್ಪಕ್ಷರದ ಪ್ರಶ್ನೆಪತ್ರಿಕೆಗೆ ಅಷ್ಟು ಬಾರದು. ಪುಡಿ ತುಂಬಿಕೊಡುವವರು ಊರಲ್ಲೇ ಇರುತ್ತಾರೆ. ಈ ಮಾದರಿಗಳಲ್ಲಿ ವೈಫೈ ಮಾತ್ರ ಇಲ್ಲ, ಮೊಬೈಲಿನಿಂದ ನೇರವಾಗಿ ಪ್ರಿಂಟ್ ಆಗದು. ರೋಲರ್ ಕಾಯುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುವುದರಿಂದ ಲೇಸರನ್ನು ಮನೆಯ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಊರಿಗೊಂದು ಕಾಟ ಉಂಟು. ಇಚಲಕರಂಜಿಯಲ್ಲಿ ಪಕ್ಕದಲ್ಲೇ ಪವರ್‌ಲೂಮ್ ಇದ್ದರೆ ಹತ್ತಿಯ ನವಿರು ಎಳೆಗಳು ಒಳಸೇರಿ ಕಾಗದ ಎಳೆಯುವ ರಬ್ಬರ್ ಜಾರತೊಡಗುತ್ತದೆ. ಕೆಲಸವಿಲ್ಲದಾಗ ಬಟ್ಟೆ ಮುಚ್ಚಿಡಬೇಕು. ಗಡಹಿಂಗ್ಲಜದ ಮಳೆಗಾಲದಲ್ಲಿ ಥಂಡಿ ಹಿಡಿದ ಹಾಳೆಗಳು ಎರಡೆರಡು ಅಂಟಿಕೊಂಡು ಹೋಗುತ್ತವೆ. ಬೇಕಾದಷ್ಟನ್ನೇ ಟ್ರೇಗೆ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಳೆಯ ಯಂತ್ರ ಕೊಳ್ಳುವಾಗ ದುಡ್ಡು ಎಣಿಸುವ ಮೊದಲು ಒಂದಿಪ್ಪತ್ತು ಹಾಳೆ ಬಿಡದೆ ಓಡಿಸಿ ನೋಡಿ. ಅಕ್ಷರವನ್ನು ಬೆರಳಿನಿಂದ ಉಜ್ಜಿದರೆ ಪುಡಿ ಎದ್ದುಬಂತೋ, ಆ ಯಂತ್ರದ ಶಾಖದ ಭಾಗ ಸೋತಿರುವ ಸಂಭವ ಹೆಚ್ಚು; ರಿಪೇರಿಯ ದರ ಕೇಳಿಕೊಂಡೇ ಚೌಕಾಸಿಗೆ ಇಳಿಯಿರಿ.